ಚಹಾ ತಂದುಕೊಡುವ ಎಚ್‌ಒಡಿ

ಹೆಸರು, ವಯಸ್ಸು, ಪಾಠ ಮಾಡುವ ವಿಷಯ ಎಲ್ಲ ಬದಲಿಸಿದ್ದೇನೆ. ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರು, ಐವತ್ತು ದಾಟಿದವರು. ಕೆಲವು ವರ್ಷದ ಹಿಂದೆ ಏಪ್ರಿಲ್‌ನ ಕೆಂಡದಂಥ ಬಿಸಿಲಲ್ಲಿ ನನ್ನ ಹತ್ತಿರ ಸಲಹೆಗೆ ಬಂದು ಕೂತವರೇ ಟೇಬಲ್ ಮೇಲೆ ಕೀಲಿ ಗೊಂಚಲು ಇಟ್ಟರು. ಲ್ಯಾಬ್, ಸ್ಟಾಫ್ ರೂಂ, ಬೀರು, ಪ್ರೊಜೆಕ್ಟರ್ ಪೆಟ್ಟಿಗೆ, ಎಲ್ಲದರ ಕೀಲಿಯೂ ಅವರ ಹತ್ತಿರವೇ.

"ಮೇಡಂ, ನಾ ಎಲ್ಲಾರ ಸೇವಾ ಮಾಡ್ತೀನ್ರೀ. ಚಹಾ ಸೈತ ನಾನೇ ತಂದ್ಕೊಡ್ತೀನಿ. ಆದ್ರ ಒಬ್ರ ಮಾರಿ ಮ್ಯಾಲೂ ನಗಿ ಇಲ್ಲ."

ಯಾವುದೋ ಕಾರ್ಯಾಗಾರದಲ್ಲಿ, ನಾಯಕನಾದವನು ಮೊದಲು ತನ್ನವರ ಸೇವೆ ಮಾಡಬೇಕು ಅನ್ನುವ ಸೇವಕ ನಾಯಕತ್ವದ ಬಗ್ಗೆ ಕೇಳಿದ್ದರಂತೆ. ಶರಣಬಸವೇಶ್ವರರ ದಾಸೋಹದ ಊರಿನವರಿಗೆ ಇದೇನು ಹೊಸದು ಅಂದುಕೊಂಡು ಅವತ್ತಿನಿಂದ ಟೈಂಟೇಬಲ್ ಇವರದೇ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ 7 ಮಾನದಂಡಗಳ ಬರಹವೂ ಇವರದೇ, ಯಾರಾದರೂ ಸಿಎಲ್ ಹಾಕಿದರೆ ಆ ಕ್ಲಾಸೂ ಇವರದೇ. ಆರು ವರ್ಷದಿಂದ ಇರುವ ಅತಿಥಿ ಉಪನ್ಯಾಸಕಿಯೊಬ್ಬರು ಒಂದು ದಿನ "ಚಹಾ ಬ್ಯಾಡ್ರೀ ಸರ್, ನಮಗೂ ಒಂದಿಷ್ಟು ಕೆಲ್ಸ ಕೊಡ್ರಿ" ಅಂದುಬಿಟ್ಟರು. ಇದನ್ನು ಈ ಮುಖ್ಯಸ್ಥರು ನನ್ನ ಮುಂದೆ ಎರಡು ಸಲ ಹೇಳಿದರು. ಅಷ್ಟು ನೊಂದಿದ್ದರು.

ನಾನು ಕೇಳಿದ್ದು ಒಂದೇ. ನೀವೊಬ್ಬರೇ ಮಾಡಬಹುದಾದ, ಬೇರೆ ಯಾರೂ ಮಾಡಲಾಗದ ಕೆಲಸ ಯಾವುದು?

ತುಸು ಹೊತ್ತು ಯೋಚಿಸಿದರು. "ಅತಿಥಿ ಉಪನ್ಯಾಸಕರ ತಿಂಗಳ ಹಾಜರಾತಿಗಿ ಸಹಿ."

ಹೋದ ತಿಂಗಳದ್ದು ಯಾವಾಗ ಹೋಯಿತು?

"ಹನ್ನೆರಡು ದಿನ ತಡ ಆತ್ರೀ. ನ್ಯಾಕ್ ಕಡತ ಬರಿಯೂದಿತ್ತು." ಹೇಳಿ ಸುಮ್ಮನಾದರು. ಸಹಿ ತಡವಾದರೆ ಗೌರವಧನವೂ ತಡ, ಐದು ಜನ ಅತಿಥಿ ಉಪನ್ಯಾಸಕರ ಮನೆ ಬಾಡಿಗೆಯೂ ತಡ ಅಂತ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

1970ರಲ್ಲಿ ಸೇವಕ ನಾಯಕತ್ವದ ಈ ವಿಚಾರ ಬರೆದ ರಾಬರ್ಟ್ ಗ್ರೀನ್‌ಲೀಫ್ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯಲ್ಲಿ ದುಡಿದವರು. ಅವರು ಇಟ್ಟ ಪರೀಕ್ಷೆ ಬೇರೆಯೇ ಇದೆ: ನಿಮ್ಮ ಸೇವೆ ಪಡೆದವರು ಮೊದಲಿಗಿಂತ ತಿಳಿವಳಿಕೆಯವರಾದರಾ, ತಮ್ಮ ಕಾಲ ಮೇಲೆ ನಿಂತರಾ? ನಮ್ಮ ದಾಸೋಹದಲ್ಲೂ ಉಂಡವರು ಎದ್ದು ಮುಂದಿನ ಪಂಕ್ತಿಗೆ ಬಡಿಸ್ತಾರೆ, ಅಲ್ವಾ? ಇವರು ಸೌಟನ್ನೇ ಯಾರಿಗೂ ಬಿಟ್ಟಿರಲಿಲ್ಲ.

ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ ಮಾತೂ ನೆನಪಿಸಿದೆ. ಸಂಬಳ, ಫ್ಯಾನು, ಕುರ್ಚಿ ಸರಿಯಿದ್ದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ಕೆಲಸದಲ್ಲಿ ಖುಷಿ ಬರುವುದು ಜವಾಬ್ದಾರಿಯಿಂದ, ಮಾಡಿದ್ದನ್ನು ಯಾರಾದರೂ ಗುರುತಿಸಿದಾಗ. (ಹಾಗಂತ ಸಂಬಳ ಕೊಡದೆ ಬರೀ ಶಾಲು ಹೊದಿಸುವವರಿಗೆ ಇದು ನೆಪ ಆಗಬಾರದು.)

ನನ್ನ ಸಲಹೆ ಇಷ್ಟು. ಹಾಜರಾತಿಗೆ ತಿಂಗಳು ಮುಗಿದ ದಿನವೇ ಸಹಿ. ಟೈಂಟೇಬಲ್ ಆ ಮೇಡಂಗೆ ಬಿಡಿ, ತಪ್ಪಿದರೂ ನೀವು ತಿದ್ದಬೇಡಿ. ವಾರಕ್ಕೊಬ್ಬರ ಜೊತೆ ಇಪ್ಪತ್ತು ನಿಮಿಷ ಕೂತು ಈ ವರ್ಷ ಏನು ಕಲಿಯಬೇಕು ಅಂತಿದ್ದೀರಿ ಅಂತ ಕೇಳಿ, ಕೇಳಿದ ಮೇಲೆ ಬಾಯಿ ಬಿಡಬೇಡಿ. ಇದೇ ಅವರಿಗೆ ಜಾಸ್ತಿ ಕಷ್ಟ ಆಯಿತಂತೆ.

ಜುಲೈನಲ್ಲಿ ಮತ್ತೆ ಬಂದರು. ಬುಧವಾರ ಒಂದೇ ಕೋಣೆಗೆ ಎರಡು ಕ್ಲಾಸ್ ಬಿದ್ದಿದ್ದವು. "ಕೈ ಕಟ್ಕೊಂಡು ಕೂತೀನ್ರೀ, ಬೆವತ್ಹೋದೆ." ಮಧ್ಯಾಹ್ನದೊಳಗೆ ಆ ಮೇಡಂ ಸರಿಮಾಡಿದ್ದರು. ಅವರು ಈಗಲೂ ಬೇರೆ ಕಡೆ ಅರ್ಜಿ ಹಾಕುತ್ತಿದ್ದಾರಂತೆ. ಹಾಕಲಿ, ಗೌರವಧನ ಜಾಸ್ತಿ ಮಾಡುವುದು ನಿಮ್ಮ ಕೈಯಲ್ಲಿಲ್ಲ, ಅನುಭವ ಪತ್ರ ಚೆನ್ನಾಗಿ ಬರೆದುಕೊಡಿ ಅಂದೆ. ಕೀಲಿ ತೆಗೆದುಕೊಂಡು ಎದ್ದರು. ಗೊಂಚಲಲ್ಲಿ ಎರಡೇ ಉಳಿದಿದ್ದವು, ಅದರಲ್ಲಿ ಒಂದು ಸ್ಕೂಟರಿನದು.