ಮೇಷ್ಟ್ರ ಕ್ಯಾಮೆರಾ, ನಿಮ್ಮೂರಿನ ಹುಳುಮನೆ

ಪ್ರಶ್ನೆ: ನಾವು ಶಿಡ್ಲಘಟ್ಟದ ಕಡೆಯ ಒಂಬತ್ತು ಮಂದಿ ಪದವಿ ವಿದ್ಯಾರ್ಥಿಗಳು. ಹಿರಿಯ ನಿರ್ದೇಶಕರೊಬ್ಬರು ನಮ್ಮ ಕಾಲೇಜಿನಲ್ಲಿ ಹತ್ತು ದಿನಗಳ ಕಮ್ಮಟ ನಡೆಸಿ, ನಾವು ಸಿನಿಮಾ ನೋಡುವ ಬಗೆಯನ್ನೇ ತಿದ್ದಿ ಹೋದರು. ಆ ಪ್ರೇರಣೆಯಿಂದ, ರೇಷ್ಮೆ ಬೆಳೆಯುವ ಒಂದು ಮನೆಯನ್ನು ಕುರಿತು ಹನ್ನೆರಡು ನಿಮಿಷಗಳ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಅವರ ಚಿತ್ರಗಳಂತೆಯೇ ಕದಲದ ಕ್ಯಾಮೆರಾ, ನಟರಲ್ಲದ ಜನ. ಹಿನ್ನೆಲೆ ಸಂಗೀತ ಇಲ್ಲ. ಇದು ಬರೀ ನಕಲಾದೀತೆಂಬ ಅಳುಕಿದೆ. ಒಂಬತ್ತೂ ಜನರಿಗೆ ನಿರ್ದೇಶಕರಾಗುವ ಆಸೆಯೂ ಇದೆ. ಏನು ಮಾಡಬೇಕು?
— ಒಬ್ಬ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಮೊದಲು ಅಳುಕಿನ ವಿಚಾರ. ಗಿರೀಶ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಿಂದ ಹೊರಬರುವ ಹೊತ್ತಿನಲ್ಲಿ ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕ ನಿರ್ದೇಶಕರಾಗಿ ದುಡಿದವರು. 1977ರಲ್ಲಿ ಅವರು ತಮ್ಮದೇ ‘ಘಟಶ್ರಾದ್ಧ’ವನ್ನು ಮಾಡಿದಾಗ ಅದಕ್ಕೆ ಸಂಗೀತ ಕೊಟ್ಟವರು ಅದೇ ಕಾರಂತರು. ಎರಡೂ ಚಿತ್ರಗಳಿಗೆ ಸ್ವರ್ಣಕಮಲ ಬಂತು; ಆದರೆ ಎರಡನ್ನೂ ಒಂದರ ಹಿಂದೊಂದು ನೋಡಿದವರು ಇದು ಅದರ ನೆರಳು ಎನ್ನಲಾರರು. ಕಾನೂನಿನ ಭಯವಂತೂ ಬೇಡವೇ ಬೇಡ: ವಸ್ತು ಅಥವಾ ಕಲ್ಪನೆಯ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟು 1978ರಲ್ಲಿಯೇ ಹೇಳಿದೆ.

ಕದಲದ ಕ್ಯಾಮೆರಾ ನಿಮ್ಮ ಮೇಷ್ಟ್ರು ತಮ್ಮ ವಸ್ತುವಿಗೆ ಕಂಡುಕೊಂಡ ಉತ್ತರ. ನಿಮ್ಮ ವಸ್ತುವಿನ ಮುಂದೆ ನಿಂತು ಆ ಪ್ರಶ್ನೆಯನ್ನು ನೀವು ಹೊಸದಾಗಿ ಕೇಳಿಕೊಳ್ಳಬೇಕು. ನಾಲ್ಕನೇ ಜ್ವರ (ಮೇವು ಬಿಟ್ಟು ಮಲಗಿ ಪೊರೆ ಕಳಚುವ ಹೊತ್ತು) ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ತಿನ್ನುವಾಗ ಇಡೀ ಮನೆಯಲ್ಲಿ, ಹೆಂಚಿನ ಮೇಲೆ ಸೋನೆ ಹಿಡಿದಂತಹ ಸದ್ದು ತುಂಬಿರುತ್ತದೆ. ಆ ಸದ್ದನ್ನು ಕೇಳಿಸುವುದಕ್ಕಾಗಿ ಸಂಗೀತವನ್ನು ಬಿಟ್ಟರೆ ಅದು ನಿಮ್ಮ ತೀರ್ಮಾನ. ಮೇಷ್ಟ್ರು ಬಿಟ್ಟಿದ್ದಾರೆಂದು ಬಿಟ್ಟರೆ ಅವರ ತೀರ್ಮಾನ. ಹಾಗೆಯೇ ಹುಳುಮನೆಯಲ್ಲಿ ಕದಲದೆ ನಿಂತ ಕ್ಯಾಮೆರಾ, ನೂಲು ತೆಗೆಯುವ ರೀಲರುಗಳು ರೇಷ್ಮೆಗೂಡಿಗೆ ಕೈಹಾಕಿ ಹಿಡಿಗಟ್ಟಲೆ ಎತ್ತಿ ನೋಡುವ ಮಾರುಕಟ್ಟೆಯ ನೂಕುನುಗ್ಗಲಿನಲ್ಲಿ ಏನನ್ನೂ ಹಿಡಿಯದೆ ಹೋಗಬಹುದು. ಅಲ್ಲಿ ಅದನ್ನು ಕೈಗೆತ್ತಿಕೊಳ್ಳಿ, ಮೇಷ್ಟ್ರು ಬೇಸರಿಸಿಕೊಳ್ಳುವುದಿಲ್ಲ.

ಒಂಬತ್ತು ಜನರ ತಗಾದೆಯನ್ನು ಹುಳುಗಳೇ ಬಗೆಹರಿಸುತ್ತವೆ. ಬಹುತೇಕ ರೈತರು ಈಗ ಎರಡನೇ ಜ್ವರ ಎದ್ದ ಹುಳುವನ್ನು, ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ತರುವುದರಿಂದ, ಅದು ಮನೆಗೆ ಬಂದ ದಿನ, ಮೂರನೇ ಜ್ವರ, ನಾಲ್ಕನೇ ಜ್ವರದ ನಂತರದ ಮೇವು, ಹಣ್ಣಾದ ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವುದು, ಗೂಡಿನ ಮಾರಾಟ ಎಂದು ನಿಮ್ಮ ಚಿತ್ರಕ್ಕೆ ಐದು ಭಾಗಗಳು ತಾವಾಗಿಯೇ ಸಿಗುತ್ತವೆ. ಒಂದೊಂದು ಭಾಗಕ್ಕೆ ಒಬ್ಬೊಬ್ಬರು ನಿರ್ದೇಶಕರಿರಲಿ, ಆ ದಿನ ಅವರ ಮಾತೇ ಕೊನೆಯದಾಗಲಿ. ಉಳಿದ ನಾಲ್ವರಲ್ಲಿ ಇಬ್ಬರು ಧ್ವನಿಗೆ, ಒಬ್ಬರು ಮನೆಯವರೊಂದಿಗಿನ ಮಾತುಕತೆಗೆ, ಒಬ್ಬರು ಸಂಕಲನಕ್ಕೆ. ಸಂಕಲನಕಾರರ ಕೈಯಲ್ಲಿರುವ ಅಧಿಕಾರ ಐವರು ನಿರ್ದೇಶಕರಿಗೂ ಇಲ್ಲವೆಂಬುದು ಚಿತ್ರೀಕರಣ ಮುಗಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಆದ್ದರಿಂದ ಆ ಹೆಸರನ್ನು ಮೊದಲೇ, ಜಗಳವಿಲ್ಲದ ದಿನ, ಆರಿಸಿಕೊಳ್ಳಿ. ಎಲ್ಲರೂ ಕುಳಿತು ಕತ್ತರಿಸಿದ ಚಿತ್ರದಲ್ಲಿ ಪ್ರತಿಯೊಬ್ಬರಿಗೂ ಇಷ್ಟವಾದ ಶಾಟು ಉಳಿದುಕೊಳ್ಳುತ್ತದೆ, ಚಿತ್ರ ಮಾತ್ರ ಉಳಿಯುವುದಿಲ್ಲ.

ಒಂಬತ್ತೂ ಜನ ಒಟ್ಟಿಗೆ ಹುಳುಮನೆಗೆ ನುಗ್ಗಬೇಡಿ. ರೋಗ ತಗುಲೀತೆಂದು ರೈತರು ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಬಿಡಬಾರದು ಕೂಡ. ಒಮ್ಮೆಗೆ ಇಬ್ಬರು ಸಾಕು. ಕೈಕಾಲು ತೊಳೆದು, ಬಾಗಿಲಲ್ಲಿ ಹಾಕಿರುವ ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣವನ್ನು ಮೆಟ್ಟಿ ಒಳಹೋಗಿ. ಸೆಂಟು ಹಾಕಿಕೊಂಡಿರಬೇಡಿ, ಬಿಸಿಯೇರುವ ದೀಪ ಹಚ್ಚಬೇಡಿ.

ಮೊಬೈಲುಗಳಲ್ಲಿ ಚಿತ್ರೀಕರಿಸುವುದಾದರೆ ಎಲ್ಲದರಲ್ಲಿಯೂ ಸೆಕೆಂಡಿಗೆ 25 ಫ್ರೇಮು ಎಂದು ನಿಗದಿಪಡಿಸಿ, ಬೆಳಕು ಮತ್ತು ಬಣ್ಣದ ಹೊಂದಿಕೆಯನ್ನು ಲಾಕ್ ಮಾಡಿ. ಮೊಬೈಲು ಫ್ರೇಮಿನ ವೇಗವನ್ನು ತಾನೇ ಏರಿಳಿಸಿದರೆ, ಬೇರೆಯಾಗಿ ಮುದ್ರಿಸಿದ ಧ್ವನಿ ಸಂಕಲನದ ಹೊತ್ತಿಗೆ ತುಟಿಯಿಂದ ಜಾರಿರುತ್ತದೆ.

ಮೇಷ್ಟ್ರ ಋಣದ ಮಾತು. ಆರಂಭದಲ್ಲಿ ಅವರ ಫೋಟೊ ಹಾಕಿ ಅರ್ಪಣೆ ಎಂದು ಬರೆಯುವುದು ನನಗೆ ಹಿಡಿಸದು. ಬದಲಾಯಿಸಲು ಇನ್ನೂ ಅವಕಾಶವಿರುವಾಗಲೇ ಕಚ್ಚಾ ಸಂಕಲನವನ್ನು ಅವರಿಗೆ ತೋರಿಸಿ, ಅವರು ಹೇಳಿದ್ದರಲ್ಲಿ ನಿಮಗೆ ಒಪ್ಪಿಗೆಯಾದದ್ದನ್ನಷ್ಟೇ ತೆಗೆದುಕೊಳ್ಳಿ. ಮುಗಿದ ಚಿತ್ರದ ಮೊದಲ ಪ್ರದರ್ಶನ ಮಾತ್ರ ಆ ರೈತರ ಮನೆಯವರಿಗೇ ಆಗಲಿ: ಒಂದು ಬೆಳೆಯ ಗೂಡು ಬಿಡಿಸಿ ಆದ ಮೇಲೆ, ಮುಂದಿನದಕ್ಕಾಗಿ ತೊಳೆದು ಔಷಧಿ ಹೊಡೆಯುವ ಮೊದಲು, ಹುಳುಮನೆ ಒಂದೆರಡು ದಿನ ಖಾಲಿಯಿರುತ್ತದೆ, ಅದರ ಗೋಡೆಗೆ ಬಿಳಿ ಪಂಚೆ ಕಟ್ಟಿದರೆ ಸಾಕು.