ನಾಲ್ಕು ವರ್ಷದಿಂದ ಪ್ರಾರ್ಥನೆ ಮಾಡುತ್ತಿದ್ದೇನೆ, ಉತ್ತರ ಇಲ್ಲ. ಇನ್ನೂ ನಿರೀಕ್ಷೆ ಇಟ್ಟು ಕಾಯುವುದು ಹೇಗೆ?

ನೌಕರಿಗಾಗಿ ನಾಲ್ಕು ವರ್ಷ ಪ್ರಾರ್ಥಿಸಿ ಸುಸ್ತಾಗಿದ್ದೀರಿ. ದೇವರಿಗಾಗಿ ಕಾಯುವುದಕ್ಕೂ ಸುಮ್ನೆ ಕೈಕಟ್ಟಿ ಕೂರುವುದಕ್ಕೂ ಏನು ವ್ಯತ್ಯಾಸ ಅಂತ ಕೇಳಿದ್ದೀರಿ. ನಾನು ಭಾಲ್ಕಿ ಕಡೆಯ ಹಳ್ಳಿಯವಳು, ಈಗ ಬೀದರಿನಲ್ಲಿದ್ದೇನೆ. ಏಳು ವರ್ಷದಿಂದ ತಮ್ಮನ ದಾರಿ ನೋಡುತ್ತಿದ್ದೇನೆ. ಕುಡಿತಕ್ಕೆ ಬಿದ್ದು, ಮನೆ ಬಿಟ್ಟು ಹೈದರಾಬಾದಿಗೆ ಹೋದವನು ಅವನು. ಇನ್ನೂ ಬಂದಿಲ್ಲ. ಹಾಗಾಗಿ ಮುಗಿದ ಕಥೆ ನನ್ನ ಹತ್ತಿರ ಇಲ್ಲ.

ಮೊದಲು ನಾನು ಕಾದ ರೀತಿಯೇ ಬೇರೆ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಚೀಟಿ, ಅಂದರೆ ಬೈಬಲ್ ವಚನ ಅಚ್ಚಾದ ಚೀಟಿ, ಎತ್ತುತ್ತೇವೆ, ನಿಮ್ಮ ಸಭೆಯಲ್ಲೂ ಇರಬಹುದು. ಯಾವ ವಚನ ಬಂದರೂ ಅದರ ಕೆಳಗೆ ಪೆನ್ಸಿಲ್‌ನಲ್ಲಿ ‘ಈ ವರ್ಷ ಬರ್ತಾನೆ’ ಅಂತ ಬರೆದು ಬೈಬಲ್‌ನಲ್ಲಿ ಇಡುತ್ತಿದ್ದೆ. ಹೀಗೆ ಮೂರು ಚೀಟಿ ಆದವು. ನಾಲ್ಕನೇ ವರ್ಷ ಡಬ್ಬಿ ನನ್ನ ಮುಂದೆ ಬಂದಾಗ ಕೈ ಮುಂದೆ ಹೋಗಲಿಲ್ಲ. ದೇವರು ಮಾತು ತಪ್ಪಿದ ಅನಿಸಿತ್ತು. ಆದರೆ ಅಚ್ಚಾದ ಸಾಲು ಮಾತ್ರ ಆತನದು. ಪೆನ್ಸಿಲ್ ಸಾಲು ನಾನು ಬರೆದದ್ದು.

ಇದು ಹೊಳೆದದ್ದು ಅಪ್ಪನ ಹೊಲದಲ್ಲಿ. ನಮ್ಮ ಕಡೆ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹಂದಿ ಕಾಟ ಜಾಸ್ತಿ. ಅಪ್ಪ ನಾಲ್ಕು ಕಂಬದ ಅಟ್ಟಣಿಗೆ ಮೇಲೆ, ಮೈತುಂಬಾ ಕೌದಿ ಹೊದ್ದು, ರಾತ್ರಿಯಿಡೀ ಕೂರುತ್ತಾರೆ. ಬೀದರಿನ ಡಿಸೆಂಬರ್ ಚಳಿ ಗೊತ್ತಲ್ವಾ? ಒಂದು ನಸುಕಿನಲ್ಲಿ ಚಹಾ ತೆಗೆದುಕೊಂಡು ಹೋಗಿದ್ದೆ. ಕತ್ತಲು ಹರಿದಿರಲಿಲ್ಲ. ಅಪ್ಪ ಬ್ಯಾಟರಿ ಬಿಟ್ಟು ಬದುವಿನ ಕಡೆ ನೋಡಿದರು, ಖಾಲಿ ಎಣ್ಣೆ ಡಬ್ಬ ನಾಲ್ಕು ಸಲ ಬಡಿದರು, ಆಮೇಲೆ ಲೋಟ ಹಿಡಿದರು. “ಇನ್ನ ಎಷ್ಟೊತ್ತು ಅಪ್ಪಾ?” ಅಂದೆ. “ಕೋಳಿ ಕೂಗ್ಯಾವ. ಇನ್ನೇನ್ ಹೊತ್ತು ಹೊಂಡ್ತದ” ಅಂದರು. ಚಹಾ ಕುಡಿದು ಮತ್ತೆ ಡಬ್ಬ ಬಡಿದರು.

ಬೆಳಗಾಗುತ್ತದೋ ಇಲ್ಲವೋ ಎಂಬ ಚಿಂತೆ ಅವರಿಗಿರಲಿಲ್ಲ. ಹಾಗಂತ ನಿದ್ದೆಯನ್ನೂ ಮಾಡಲಿಲ್ಲ.

ಬೈಬಲ್‌ನ 130ನೇ ಕೀರ್ತನೆಯಲ್ಲಿ ಇದೇ ಇದೆ. ಬೆಳಗಿಗಾಗಿ ಕಾಯುವ ಕಾವಲುಗಾರರಿಗಿಂತ ಜಾಸ್ತಿ ನನ್ನ ಮನಸ್ಸು ಕರ್ತನಿಗಾಗಿ ಕಾಯುತ್ತದೆ ಅನ್ನುತ್ತಾನೆ ಕೀರ್ತನೆಗಾರ, ಅದೇ ಮಾತನ್ನು ಎರಡು ಸಲ ಹೇಳುತ್ತಾನೆ. ನಮ್ಮ ಮಾತಿನಲ್ಲಂತೂ ದಾರಿ ಕಾಯುವುದಕ್ಕೂ ಹೊಲ ಕಾಯುವುದಕ್ಕೂ ಒಂದೇ ಶಬ್ದ. ನಾನು ಬರೀ ದಾರಿ ಕಾಯುತ್ತಿದ್ದೆ. ಹೊಲ ಹಂದಿ ಪಾಲಾಗುತ್ತಿತ್ತು. ತಮ್ಮನ ಮೇಲೆ ಸಿಟ್ಟು, ಪ್ರಾರ್ಥನೆಗೆ ಉತ್ತರ ಸಿಕ್ಕಿತು ಅಂತ ಸಭೆಯಲ್ಲಿ ಸಾಕ್ಷಿ ಹೇಳುವವರನ್ನು ಕಂಡರೆ ಹೊಟ್ಟೆಕಿಚ್ಚು, ಅವ್ವನ ಹತ್ತಿರ ಸಿಡಿಸಿಡಿ. ಈಗ ಅವನ್ನು ಬರಗೊಡದೆ ನೋಡಿಕೊಳ್ಳುತ್ತೇನೆ. ಪ್ರತಿ ಶನಿವಾರ ರಾತ್ರಿ ತಮ್ಮನಿಗೆ ಒಂದು ವಾಟ್ಸಾಪ್: ‘ಊಟ ಆಯ್ತಾ?’ ಬುದ್ಧಿವಾದ ಇಲ್ಲ, ವಚನವೂ ಇಲ್ಲ. ಎಷ್ಟೋ ಸಲ ನೀಲಿ ಗೆರೆ ಅಷ್ಟೇ. ಹೋದ ತಿಂಗಳು ‘ಹ್ಞೂಂ ಅಕ್ಕ’ ಅಂತ ಬಂತು. ಅವತ್ತು ಅವ್ವನಿಗೆ ಮೂರು ಸಲ ಓದಿ ಹೇಳಿದೆ.

ನಿಮ್ಮ ಹೊಲ ಯಾವುದು ಅಂತ ನಿಮಗೇ ಗೊತ್ತು. ಅರ್ಜಿ ಹಾಕುವುದು, ಓದುವುದು ಬಿಡಬೇಡಿ, ಅದು ಅಪನಂಬಿಕೆ ಅಲ್ಲ. ಯೆಶಾಯ 40:31ರಲ್ಲಿ ಹೊಸ ಬಲ ಸಿಗುವುದು ಯೆಹೋವನನ್ನು ನಿರೀಕ್ಷಿಸುವವರಿಗೆ. ಅಲ್ಲಿ ನೌಕರಿಯ ಹೆಸರಿಲ್ಲ, ನನ್ನ ತಮ್ಮನ ಹೆಸರೂ ಇಲ್ಲ. ಇದನ್ನು ಒಪ್ಪಿಕೊಳ್ಳುವುದು ನನಗೆ ಇವತ್ತಿಗೂ ಕಷ್ಟ. ಆದರೆ ಒಪ್ಪಿಕೊಂಡ ದಿನ ಪ್ರಾರ್ಥನೆ ಹಗುರವಾಗುತ್ತದೆ. ಆ ದಿನ ಕೇಳುವುದಕ್ಕಿಂತ ಆತನ ಹತ್ತಿರ ಕೂರುವುದೇ ಜಾಸ್ತಿ.

ನಡುವೆ ಸೋತರೆ ಹೆದರಬೇಡಿ. ಸಂತಾನ ಕೊಡುತ್ತೇನೆ ಅಂದ ದೇವರ ಮಾತು ನಂಬಿ ಅಬ್ರಹಾಮ 75ನೇ ವಯಸ್ಸಿಗೆ ಊರು ಬಿಟ್ಟ, ಆ ವಾಗ್ದಾನದ ಮಗ ಇಸಾಕ ಹುಟ್ಟಿದಾಗ ಅವನಿಗೆ 100. ನಡುವೆ ತಾಳಲಾರದೆ ತನ್ನದೇ ದಾರಿ ಹಿಡಿದ, 86ಕ್ಕೆ ದಾಸಿ ಹಾಗರಳಿಂದ ಇಷ್ಮಾಯೇಲ ಹುಟ್ಟಿದ. ದೇವರು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಅಳು ಬಂದರೆ ಅತ್ತುಬಿಡಿ. ಆ ಕೀರ್ತನೆ ಶುರುವಾಗುವುದೇ ಆಳದಿಂದ ಕೂಗುವ ಕೂಗಿನಿಂದ. ಬರೀ 8 ವಚನ, ಇವತ್ತು ರಾತ್ರಿ ಓದಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಾಳೆ ನಸುಕಿನ ಪ್ರಾರ್ಥನೆಯಲ್ಲಿ ‘ನಾಲ್ಕು ವರ್ಷ ಕಾದವರು’ ಅಂತಲೇ ಹೇಳುತ್ತೇನೆ, ತಮ್ಮನ ಹೆಸರಿನ ಪಕ್ಕದಲ್ಲಿ.