ಉಪ್ಪಾಗೆಯ ಹುಳಿ ಮತ್ತು ತೂಕ ಇಳಿಸುವ ಕ್ಯಾಪ್ಸೂಲ್

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಬಿಸಿಲೆ ಕಡೆ ನಮ್ಮ ಕಾಫಿ ತೋಟವಿದೆ. ಅದರ ಅಂಚಿನ ಉಪ್ಪಾಗೆ ಮರಗಳ ಹಣ್ಣಿನ ಸಿಪ್ಪೆ ಒಣಗಿಸಿ ಮೀನು ಸಾರಿಗೆ ಹುಳಿಯಾಗಿ ಬಳಸುತ್ತೇವೆ. ಈಗ ಅದೇ ಹಣ್ಣಿನ ಸಾರವೆಂದು ತೂಕ ಇಳಿಸುವ ಕ್ಯಾಪ್ಸೂಲ್ ಬಂದಿದೆ. ನನ್ನ ನಾದಿನಿ ಎರಡು ತಿಂಗಳಿಂದ ನುಂಗುತ್ತಿದ್ದಾರೆ. ಅದರಿಂದ ಪ್ರಯೋಜನವಿದೆಯೇ? ಮುರುಗಲು ಹಣ್ಣಿಗೂ ಅದೇ ಗುಣವಿದೆಯೇ?

ಉತ್ತರ: ಉಪ್ಪಾಗೆ, ಮುರುಗಲು, ಮಂಗುಸ್ತಾನ್ ಮೂರೂ ಗಾರ್ಸಿನಿಯಾ ಕುಲದ ಮರಗಳು. ಡಬ್ಬಿಯ ಮೇಲಿರುವ ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಎಂಬುದು ಉಪ್ಪಾಗೆಯದೇ ಹಳೆಯ ವೈಜ್ಞಾನಿಕ ಹೆಸರು. ಈಗ ಅದನ್ನು ಗಾರ್ಸಿನಿಯಾ ಗಮ್ಮಿ-ಗಟ್ಟಾ ಎನ್ನುತ್ತಾರೆ. ಹೀಗಾಗಿ ಕ್ಯಾಪ್ಸೂಲಿನ ಮೂಲ ನಿಮ್ಮ ತೋಟದಲ್ಲಿರುವ ಮರವೇ ಹೌದು. ಆದರೆ ತೂಕ ಇಳಿಸಲು ಅದನ್ನು ನುಂಗಬೇಕೆಂದು ನಾನು ಯಾರಿಗೂ ಹೇಳಲಾರೆ.

ಈ ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1960ರ ದಶಕದಲ್ಲಿ ಗುರುತಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಅದಕ್ಕೂ ಮೊದಲು ಇದನ್ನು ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವೆಂದೋ ಹುಣಸೆಯ ಟಾರ್ಟಾರಿಕ್ ಆಮ್ಲವೆಂದೋ ಭಾವಿಸಲಾಗಿತ್ತು. ನಾವು ತಿಂದ ಸಕ್ಕರೆ, ಪಿಷ್ಟಗಳು ಅಗತ್ಯಕ್ಕಿಂತ ಹೆಚ್ಚಾದಾಗ ಅವು ಕೊಬ್ಬಾಗಿ ಮಾರ್ಪಡುವ ಹಾದಿಯಲ್ಲಿ, ಜೀವಕೋಶದೊಳಗಿನ ಸಿಟ್ರೇಟನ್ನು ಒಡೆಯುವ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವವಿದೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಸಿಟ್ರೇಟನ್ನು ಹೋಲುವುದರಿಂದ ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ. ಇಲಿಗಳಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಂಡಿತು, ಮತ್ತು ಕ್ಯಾಪ್ಸೂಲ್ ವ್ಯಾಪಾರವೆಲ್ಲ ನಿಂತಿರುವುದು ಅದರ ಮೇಲೆಯೇ. ಆದರೆ ಸಾಮಾನ್ಯ ಊಟ ಮಾಡುವ ಮನುಷ್ಯರಲ್ಲಿ ಪಿಷ್ಟದಿಂದ ಹೊಸದಾಗಿ ತಯಾರಾಗುವ ಕೊಬ್ಬು ಬಹಳ ಕಡಿಮೆ. ಮೈಯಲ್ಲಿ ಸೇರುವುದು ಹೆಚ್ಚಾಗಿ ಎಣ್ಣೆ, ತುಪ್ಪ, ಮಾಂಸಗಳ ಕೊಬ್ಬೇ. ಆ ಹಾದಿಯನ್ನು ಈ ಆಮ್ಲ ಮುಚ್ಚುವುದಿಲ್ಲ.

1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರಗಳ ಪರೀಕ್ಷೆ ನಡೆಯಿತು. ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಪಡೆದವರ ತೂಕ, ಔಷಧವಿಲ್ಲದ ತೋರಿಕೆಯ ಮಾತ್ರೆ ಪಡೆದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಯಕೃತ್ತಿನ ಬಗ್ಗೆ. ಇಂಥ ಕ್ಯಾಪ್ಸೂಲ್ ಸೇವಿಸಿದ ಕೆಲವರಲ್ಲಿ ತೀವ್ರ ಯಕೃತ್ ಹಾನಿಯಾಗಿ, ಕಸಿಯವರೆಗೂ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಂಥವರಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ಆನುವಂಶಿಕ ಲಕ್ಷಣ ಹೆಚ್ಚಾಗಿ ಕಂಡುಬಂದಿರುವುದರಿಂದ, ಒಬ್ಬರಿಗೆ ಏನೂ ಆಗಲಿಲ್ಲವೆಂದು ಇನ್ನೊಬ್ಬರು ಧೈರ್ಯ ತಂದುಕೊಳ್ಳುವಂತಿಲ್ಲ. ಸಾರಿಗೆ ಹಾಕುವ ಒಂದೆರಡು ಎಸಳು ಸಿಪ್ಪೆಯ ಪ್ರಮಾಣವೇ ಬೇರೆ, ಸಾಂದ್ರಗೊಳಿಸಿ ದಿನವೂ ನುಂಗುವ ಸಾರವೇ ಬೇರೆ. ನಿಮ್ಮ ಅಡುಗೆಯ ಹುಳಿಯನ್ನು ಬಿಡಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಮುರುಗಲಿನ ವಿಷಯ ಪ್ರತ್ಯೇಕ. ಅದರಲ್ಲಿಯೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. ಜೊತೆಗೆ ಶರಬತ್ತಿಗೆ ಕಡುಗೆಂಪು ಕೊಡುವ ಆಂಥೋಸಯಾನಿನ್‌ಗಳೂ ಗಾರ್ಸಿನಾಲ್ ಎಂಬ ಹಳದಿ ಸಂಯುಕ್ತವೂ ಇವೆ. ಗಾರ್ಸಿನಾಲ್, ಜೀನ್‌ಗಳ ಅಭಿವ್ಯಕ್ತಿಯನ್ನು ನಿಯಂತ್ರಿಸುವ ಹಿಸ್ಟೋನ್ ಅಸಿಟೈಲ್ ಟ್ರಾನ್ಸ್‌ಫರೇಸ್ ಕಿಣ್ವಗಳನ್ನು ತಡೆಯುತ್ತದೆ ಎಂಬುದನ್ನು 2004ರಲ್ಲಿ ತೋರಿಸಿಕೊಟ್ಟಿದ್ದು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ. ಇದು ಹೆಮ್ಮೆಪಡಬೇಕಾದ ಕೆಲಸ. ಆದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಕಂಡದ್ದನ್ನು ಹಿಡಿದು ಮುರುಗಲು ಕ್ಯಾನ್ಸರ್ ವಾಸಿ ಮಾಡುತ್ತದೆಂದು ಹೇಳುವುದು ರೋಗಿಗಳಿಗೆ ಮಾಡುವ ಅನ್ಯಾಯ. ಮಂಗುಸ್ತಾನಿನ ಸಿಪ್ಪೆಯಲ್ಲಿರುವ ಮ್ಯಾಂಗೋಸ್ಟಿನ್‌ಗೂ ಇದೇ ಮಾತು ಅನ್ವಯಿಸುತ್ತದೆ.

ನಿಮ್ಮ ನಾದಿನಿಯವರು ಕ್ಯಾಪ್ಸೂಲನ್ನು ಇಂದೇ ನಿಲ್ಲಿಸಲಿ. ಸುಸ್ತು, ವಾಕರಿಕೆ, ಗಾಢ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಲಿ. ಏನೂ ಇಲ್ಲದಿದ್ದರೂ ಒಮ್ಮೆ ಯಕೃತ್ತಿನ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೋಗುವಾಗ ಕ್ಯಾಪ್ಸೂಲಿನ ಡಬ್ಬಿಯನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸಲಿ. ಅದರಲ್ಲಿ ಹಸಿರು ಚಹಾದ ಸಾರದಂಥ ಬೇರೆ ಘಟಕಗಳೂ ಬೆರೆತಿರಬಹುದು, ಅವೂ ಯಕೃತ್ತಿಗೆ ಹಾನಿ ಮಾಡಬಲ್ಲವು.